ವೈರಿಂಗ್ ಅಂದದ್ದು

ನೆನೆದ ಅವರೆಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರಬೇಕು. ಮಹಾನಂದಳ ಕೈಯಿಂದ ಇವತ್ತು ಹತ್ತಕ್ಕೆ ನಾಲ್ಕು ಪಾತ್ರೆ ತಪ್ಪಿಸಿಕೊಂಡು ನೆಲಕ್ಕೆ ಬೀಳುತ್ತಿದ್ದವು. ಎದುರಿಗೆ ಕಾಲು ಚಾಚಿ ಕೂತಿದ್ದ ತಾಯಿ ವಿಶಾಲಮ್ಮ ಬಿದ್ದದ್ದನ್ನೆಲ್ಲ ಆರಿಸಿ, ಸೆರಗಿಗೆ ಒರೆಸಿ, ಪಾತ್ರೆಗೆ ಹಾಕುತ್ತಿದ್ದಳು. "ಕಾಳು ನೋಡ್ಕೊಂಡು ಹಿತುಕು ಕಣೆ, ಗೋಡೆ ನೋಡ್ಕೊಂಡಲ್ಲ," ಅಂದಳು. ಸಂಕ್ರಾಂತಿಗೆ ವಾರವಿತ್ತು, ಶಂಕರಪುರದ ಆ ಬೀದಿಯಲ್ಲಿ ಯಾವ ಬಾಗಿಲ ಮುಂದೆ ಹಾದುಹೋದರೂ ಅವರೆಸೊಗಡು ಮೂಗಿಗೆ ಬಡಿಯುವ ಕಾಲ. ಚಿಕ್ಕವಳಿದ್ದಾಗ ಆ ವಾಸನೆಗೆ ಹಸಿವಾಗುತ್ತಿತ್ತು. ಈಗ ನಲವತ್ತಾರು; ಈಗ ಅದು ಬೆರಳ ಸಂದಿಯಲ್ಲಿ ನಿಂತು ಎರಡು ದಿನ ಹೋಗುವುದಿಲ್ಲ, ಅಷ್ಟೆ. "ನಿನ್ನೆಯಿಂದ ಟೀವಿ ಬರ್ತಿಲ್ಲ. ಕೇಬಲ್‌ನೋರಿಗೆ ಹೇಳಿದೀನಿ, ಮಧ್ಯಾಹ್ನ ಧರ್ಮರಾಜನ್ನ ಕಳಿಸ್ತೀವಿ ಅಂದ್ರು. ನೀನು ಇರ್ತೀಯಲ್ಲ?" ಎಂದು ತಾಯಿ ಕೇಳಿದಳು. "ಕಾಲೇಜಿದೆ." "ಶನಿವಾರ ಅರ್ಧ ದಿನ ತಾನೆ? ಅವನು ಬಂದಾಗೆಲ್ಲ ನಿನಗೆ ಕಾಲೇಜಿರುತ್ತೆ. ಇಲ್ಲಾಂದ್ರೆ ತಲೆನೋವಿರುತ್ತೆ. ಪಾಪ, ಒಳ್ಳೇ ಮನುಷ್ಯ. ಚಪ್ಪಲಿ ಗೇಟಿನ ಹತ್ರಾನೇ ಬಿಟ್ಟು ಬರ್ತಾನೆ."

ಅವನು ಚಪ್ಪಲಿಯನ್ನು ಗೇಟಿನ ಹತ್ತಿರ ಬಿಡುವ ಸದ್ದನ್ನು ಅವಳು ಒಳಕೋಣೆಯಲ್ಲಿ, ಬಾಗಿಲು ಓರೆ ಮಾಡಿಕೊಂಡು, ಕಳೆದ ಒಂದು ವರ್ಷದಲ್ಲಿ ಐದು ಸಲ ಕೇಳಿದ್ದಳು. ಅದಕ್ಕೂ ಹಿಂದೆ ಆ ಚಪ್ಪಲಿಗಳು ಚಾಮರಾಜಪೇಟೆಯ ಕಾಲೇಜಿನಲ್ಲಿ, ಅವಳು ನೋಡಿಕೊಳ್ಳುವ ಕಂಪ್ಯೂಟರ್ ಲ್ಯಾಬಿನ ಹೊರಗೆ, ಒಂಬತ್ತು ವರ್ಷ ದಿನವೂ ಇರುತ್ತಿದ್ದವು. ಅವನು ಅಲ್ಲಿ ಅಟೆಂಡರ್ ಆಗಿದ್ದ. ಮೂರು ವರ್ಷ ಮೂರು ತಿಂಗಳ ಹಿಂದೆ ಪರೀಕ್ಷೆಯ ದಿನ ಲ್ಯಾಬು ನಿಂತುಹೋಯಿತು. ತಪ್ಪು ಮಹಾನಂದಳದು, ಕೆಲಸ ಹೋದದ್ದು ಧರ್ಮರಾಜುವಿನದು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಕಳಿಸಬೇಕೆಂದು ಅವಳು ಅದೇ ವಾರ ತೀರ್ಮಾನ ಮಾಡಿದ್ದಳು. ಬರೆದೂ ಇದ್ದಳು. ಒಂಬತ್ತು ಸಲ ಬರೆದ ಒಂಬತ್ತು ಹಾಳೆಗಳು ಅವಳ ದಪ್ಪ ಲಿನಕ್ಸ್ ಪುಸ್ತಕದ ನಡುವೆ ಮಡಿಸಿ ಕೂತಿದ್ದವು. ಮೊದಲನೆಯದರಲ್ಲಿ ನಾಲ್ಕು ಪುಟ ತಾಂತ್ರಿಕ ವಿವರಣೆ ಇತ್ತು. ಓದಿದವರಿಗೆ ತಪ್ಪು ಯಾರದೆಂದು ತಿಳಿಯುವ ಹಾಗೇ ಇರಲಿಲ್ಲ. ಆಮೇಲಿನವುಗಳಲ್ಲಿ ಸರ್ವರ್ ತಾನೇ ಚಾಲೂ ಆಗಿತ್ತು, ತಾನೇ ಓಡುತ್ತ ಉಳಿದಿತ್ತು, ಪರೀಕ್ಷೆ ತಾನೇ ನಿಂತಿತ್ತು. ಕಳೆದ ದೀಪಾವಳಿಯ ಹೊತ್ತಿಗೆ ಅವನೇ ಒಂದು ದಿನ ಬೀದಿಯಲ್ಲಿ ಎದುರಾಗಿ, ಹೆಗಲ ಮೇಲಿನ ವೈರಿನ ಸುರುಳಿಯನ್ನು ಇಳಿಸದೆ, "ಮೇಡಂ, ಶೇಷಾದ್ರಿಪುರಂ ಕಡೆ ಒಂದು ಕಾಲೇಜಲ್ಲಿ ಲ್ಯಾಬ್ ಅಟೆಂಡರ್ ಪೋಸ್ಟು ಬಿದ್ದಿದೆ. ಅನುಭವದ ಪತ್ರ ಕೇಳ್ತಿದಾರೆ. ನಮ್ಮ ಆಫೀಸಲ್ಲಿ ಕೇಳಿದ್ರೆ ಫೈಲಲ್ಲಿ ಕರ್ತವ್ಯಲೋಪ ಅಂತಿದೆ, ಕೊಡಕ್ಕಾಗಲ್ಲ ಅಂತಾರೆ. ನೀವೊಂದು ಮಾತು ಹೇಳಿದ್ರೆ..." ಅಂದಿದ್ದ. "ನೋಡ್ತೀನಿ," ಅಂದಿದ್ದಳು. ನೋಡುವುದು ಎಂದರೆ ಏನು ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಸುರುಳಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಹೋದ.

ಫೋನು ಬಂತು. ಎಡಗೈಯಲ್ಲಿ ಎತ್ತಿಕೊಂಡಳು. ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಹರ್ಷಿತಾ. ಸೇರಿ ಆರು ತಿಂಗಳಾಗಿತ್ತು, ಪಾಠವನ್ನೂ ಮಾಡುತ್ತಿದ್ದಳು. "ಮೇಡಂ, ಸ್ವಲ್ಪ ಬೇಗ ಬರಕ್ಕಾಗುತ್ತಾ? ಬೆಳಗ್ಗೆಯಿಂದ ಫುಲ್ ಧರ್ಮರಾಜು." ಮಹಾನಂದಳ ಬೆರಳಲ್ಲಿದ್ದ ಕಾಳು ಸಿಪ್ಪೆಸಮೇತ ನುಗ್ಗಾಯಿತು. "ಹೊಸ ಮಷೀನು ಇಪ್ಪತ್ತೈದಿದ್ಯಲ್ಲ, ಎಂಟು ಬಂತು, ಹದಿನೇಳಕ್ಕೆ ಐಪಿ ಬರ್ತಾನೇ ಇಲ್ಲ. ಸೋಮವಾರ ಅಧ್ಯಕ್ಷರು ಬಂದು ಉದ್ಘಾಟನೆ ಮಾಡ್ತಾರಂತೆ. ಸೆಕ್ರೆಟರಿ ಸಾರ್ ಆಗ್ಲೇ ಎರಡು ಸಲ ಇಣುಕಿ ಹೋದ್ರು." "ಬರ್ತೀನಿ," ಅಂದಳು. ಲ್ಯಾಬು ಕೆಟ್ಟರೆ ಆ ಕಾಲೇಜಿನಲ್ಲಿ ಹಾಗೆ ಹೇಳುತ್ತಾರೆ. ಯಾರು ಶುರು ಮಾಡಿದರೋ. ಆ ಪರೀಕ್ಷೆಯ ಬ್ಯಾಚಿನ ಹುಡುಗರೇ ಇರಬೇಕು. ಅವರು ಹೋಗಿ ಎರಡು ಬ್ಯಾಚು ಕಳೆದಿತ್ತು, ಮಾತು ಉಳಿದಿತ್ತು. 'ಮಚ್ಚಾ, ಧರ್ಮರಾಜು ಹೊಡೀತು ಕಣೋ, ಕ್ಯಾಂಟೀನ್‌ಗೆ ಹೋಗೋಣ ಬಾ' ಎಂದು ಅವನ ಮುಖವನ್ನೇ ಕಾಣದ ಹುಡುಗರು ಅವಳ ಕಿವಿಯ ಹತ್ತಿರವೇ ಹೇಳಿಕೊಂಡು ಹೋಗುತ್ತಿದ್ದರು. ಅವಳು ಒಂದು ಸಲವೂ ಹಾಗನ್ನಬೇಡಿ ಅಂದಿರಲಿಲ್ಲ. ಅಂದರೆ ಯಾಕೆ ಅನ್ನಬಾರದು ಎಂದು ಕೇಳುತ್ತಾರೆ.

ಕೈ ತೊಳೆದು, ಸೀರೆ ಬದಲಾಯಿಸಿ, ಚಾಮರಾಜಪೇಟೆಯ ಕಡೆ ನಡೆಯುತ್ತ ಅವಳು ಲ್ಯಾಬಿನಲ್ಲಿ ಏನಾಗಿರಬಹುದೆಂದು ಯೋಚಿಸಲು ನೋಡಿದಳು. ಪ್ರತಿ ಕಂಪ್ಯೂಟರೂ ಬೆಳಗ್ಗೆ ಕಣ್ಣು ಬಿಟ್ಟಾಗ ಅದಕ್ಕೆ ತನ್ನ ಐಪಿ ವಿಳಾಸ ಗೊತ್ತಿರುವುದಿಲ್ಲ. ವೈರಿನ ಉದ್ದಕ್ಕೂ ಇರುವವರೆಲ್ಲರಿಗೆ ಕೇಳುವ ಹಾಗೆ ಕೂಗುತ್ತದೆ: ನನಗೊಂದು ವಿಳಾಸ ಕೊಡಿ. ಕೊಡುವ ಕೆಲಸ ಒಂದು ಸರ್ವರಿನದು. ಇಷ್ಟರಿಂದ ಇಷ್ಟರವರೆಗಿನ ಸಂಖ್ಯೆಗಳನ್ನು ಹಂಚು, ಇಷ್ಟು ಕಾಲಕ್ಕೆ ಗುತ್ತಿಗೆ ಕೊಡು ಎಂದು ಒಂದು ಫೈಲಿನಲ್ಲಿ ಬರೆದಿಟ್ಟರೆ ಅದು ಹಾಗೇ ಮಾಡುತ್ತದೆ. ಇದನ್ನು ಡಿಎಚ್‌ಸಿಪಿ ಅನ್ನುತ್ತಾರೆ. ಕೇಳಿದ ಯಂತ್ರ, ಉತ್ತರ ಕೊಟ್ಟವರು ಯಾರು, ಅವರಿಗೆ ಕೊಡುವ ಅಧಿಕಾರ ಇದೆಯೇ ಎಂದು ವಿಚಾರಿಸುವುದಿಲ್ಲ. ಮೊದಲು ಬಂದ ಉತ್ತರವನ್ನು ನಂಬಿ ಅದರ ಮೇಲೆ ತನ್ನ ದಿನವನ್ನೆಲ್ಲ ಕಟ್ಟಿಕೊಳ್ಳುತ್ತದೆ. ಆ ಪರೀಕ್ಷೆಗೆ ಮುಂಚೆ, ಆಯುಧಪೂಜೆಯ ದಿನ, ಲ್ಯಾಬಿನಲ್ಲಿ ನಲವತ್ತೆರಡು ಯಂತ್ರಗಳಿಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿ ಆಗಿತ್ತು. ಅವಳಿಗೆ ಹಿಂದಿನ ಹಳೆಯ ಸರ್ವರ್ ನೆನಪಾಯಿತು. ತೊಂಬತ್ತೆಂಟರಲ್ಲಿ ಪುಸ್ತಕ ಒಂದು ಕೈಯಲ್ಲಿ ಹಿಡಿದು ಅವಳು ಮೊದಲ ಸಲ ಲಿನಕ್ಸ್ ಹಾಕಿದ ಯಂತ್ರ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹನ್ನೆರಡು ವರ್ಷ ಬೇರೆಯವರ ಕಾಗದಗಳನ್ನು ಬಡಿದ ಮೇಲೆ, ಕೊಟ್ಟ ಅಪ್ಪಣೆಗೆ ಉತ್ತರ ಕೊಟ್ಟ ಮೊದಲ ವಸ್ತು ಅದು. ಹೊಸದು ಬಂದ ಮೇಲೆ ಸ್ಟೋರ್ ರೂಮಿನ ಮೂಲೆ ಸೇರಿತ್ತು. "ಅದಕ್ಕೂ ಪೂಜೆ ಆಗಲಿ," ಅಂದಳು. ಮಂಗಳಾರತಿ ಮಾಡುವಾಗ ಯಂತ್ರ ಓಡುತ್ತಿರಬೇಕು, ಸತ್ತ ಯಂತ್ರಕ್ಕೆ ಆರತಿ ಎತ್ತಬಾರದು ಎಂದು ಕಾಟನ್‌ಪೇಟೆಯಲ್ಲಿ ಅವಳ ತಂದೆ ಅಂಗಡಿಯ ತಕ್ಕಡಿಯನ್ನು ಆವತ್ತು ಒಂದು ಸಲವಾದರೂ ತೂಗಿಸುತ್ತಿದ್ದರು. ಅವಳೇ ಮೂರು ಬೆರಳಲ್ಲಿ ಅದರ ಹಣೆಗೆ ವಿಭೂತಿ ಎಳೆದಳು, ಅವಳೇ ಗುಂಡಿ ಒತ್ತಿದಳು. ಅದು ಕೆಮ್ಮಿ, ಗುರುಗುಟ್ಟಿ, ಎದ್ದಿತು. ಹಿಂದಿನ ಗೋಡೆಯಲ್ಲಿ ಅದರ ನೆಟ್‌ವರ್ಕ್ ವೈರು ಇನ್ನೂ ಸಿಕ್ಕಿಕೊಂಡೇ ಇತ್ತು. "ವೈರ್ ತೆಗೀಲಾ ಮೇಡಂ?" ಎಂದು ಧರ್ಮರಾಜು ಕೇಳಿದ. ಕೈಯಲ್ಲಿ ಕುಂಬಳಕಾಯಿ ಹಿಡಿದುಕೊಂಡಿದ್ದ. "ಪೂಜೆ ದಿನ ಏನೂ ಕೀಳಬಾರದು. ವಿಜಯದಶಮಿ ಆಗಲಿ," ಅಂದಳು. ವಿಜಯದಶಮಿಯಾಯಿತು. ನಡುವೆ ರಜೆ ಬಂತು. ಅವಳು ಮರೆತಳು.

ಬುಲ್ ಟೆಂಪಲ್ ರಸ್ತೆ ದಾಟುವಾಗ ಆಟೋದವನೊಬ್ಬ "ಅಕ್ಕಾ, ಮನೇಲಿ ಹೇಳಿ ಬಂದಿದೀರಾ?" ಎಂದು ಕೂಗಿ ಬ್ರೇಕು ಹಾಕಿದ. ಅವಳು ಕೈಯೆತ್ತಿ ತಪ್ಪಾಯಿತೆಂದಳು. ಇಂಥ ಸಣ್ಣ ತಪ್ಪುಗಳನ್ನು ಒಪ್ಪಿಕೊಳ್ಳುವುದು ಅವಳಿಗೆ ಕಷ್ಟವಾಗುತ್ತಿರಲಿಲ್ಲ. ಬಸ್ಸಿನಲ್ಲಿ ಕಾಲು ತುಳಿದರೆ ಎರಡು ಸಲ ಸಾರಿ ಅನ್ನುತ್ತಾಳೆ. ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕಿ ಗಿರಿಜಾಂಬಾ ಮಡಿಸಿದ ಛತ್ರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅವರಿಗೂ ಎಷ್ಟು ಸಲ ಸಾರಿ ಅಂದಳೋ. ಕಾರಿಡಾರಿನಲ್ಲಿ ಐವತ್ತು ಮಕ್ಕಳು ಹಾಲ್‌ಟಿಕೆಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಏಳನೆಯ ಯಂತ್ರ ಬಂತು. ಆರಿಸಿ ಹಚ್ಚಿದರೆ ಬರಲಿಲ್ಲ. ಬಾರದಿದ್ದ ಹನ್ನೊಂದನೆಯದು ಈಗ ಬಂತು. ಪೂರ್ತಿ ಕೆಟ್ಟಿದ್ದರೆ ಹುಡುಕಬಹುದು; ಇದು ಒಮ್ಮೆ ಹೂಂ ಅಂದು ಒಮ್ಮೆ ಊಹೂಂ ಅನ್ನುತ್ತಿತ್ತು. ಹೊಸ ಸರ್ವರಿನ ಫೈಲನ್ನು ತೆರೆದು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದಳು. ಸಂಖ್ಯೆಗಳ ಶ್ರೇಣಿ ಸರಿ. ಹೊರದಾರಿಯ ಗೇಟ್‌ವೇ ಸರಿ. ಪ್ರತಿ ಸಾಲಿನ ಕೊನೆಯ ಅರ್ಧವಿರಾಮ ಸರಿ. ಸೇವೆಯನ್ನು ನಿಲ್ಲಿಸಿ ಶುರುಮಾಡಿದಳು. ಹಸಿರು ಅಕ್ಷರದಲ್ಲಿ ಓಕೆ ಅಂದಿತು. ಹದಿಮೂರು ಸಲ ಹಾಗೆ ಮಾಡಿದಳು, ಹದಿಮೂರು ಸಲವೂ ಓಕೆ. ತಪ್ಪಿಲ್ಲದ ಫೈಲನ್ನು ಆರನೆಯ ಸಲ ಓದುವಾಗ ಕಣ್ಣಲ್ಲಿ ನೀರು ಬಂತು. ಧರ್ಮರಾಜು ಮೇಜುಗಳ ಕೆಳಗೆ ತೆವಳಿಕೊಂಡು ಒಂದೊಂದೇ ವೈರನ್ನು ಕಿತ್ತು, ತುದಿ ಕತ್ತರಿಸಿ, ಮತ್ತೆ ಒತ್ತಿ ಹಾಕುತ್ತಿದ್ದ. "ಮೇಡಂ, ವೈರೆಲ್ಲ ಸರಿಯಿದೆ. ಸ್ವಿಚ್ಚಲ್ಲಿ ಲೈಟ್ ಬರ್ತಿದೆ ನೋಡಿ," ಎಂದು ಕೆಳಗಿನಿಂದಲೇ ಹೇಳಿದ. ಸ್ವಲ್ಪ ಹೊತ್ತು ಬಿಟ್ಟು, "ಮಧ್ಯ ಬೇರೆ ಯಾರೋ ಬಾಯಿ ಹಾಕ್ತಿದಾರೆ ಅನ್ಸುತ್ತೆ," ಅಂದ. ಗಿರಿಜಾಂಬಾ ಅವಳ ಕಡೆ ನೋಡಿದರು. "ನಿನಗೆ ಗೊತ್ತಿರೋದು ವೈರು. ವೈರ್ ನೋಡು," ಅಂದಳು ಮಹಾನಂದ. ಅವಳಿಗೆ ಈಗಲೂ ನೆನಪಿರುವುದು ಅವನ ಮುಖವಲ್ಲ, ಆ ಮಾತಿಗೆ ಮೇಜಿನ ಕೆಳಗಿನಿಂದ ಬಂದ ಉತ್ತರ: ಸ್ಕ್ರೂಡ್ರೈವರನ್ನು ನೆಲದ ಮೇಲೆ ಮೆಲ್ಲಗೆ ಇಟ್ಟ ಸದ್ದು.

ಲ್ಯಾಬಿಗೆ ಕಾಲಿಡುತ್ತಲೇ ಹರ್ಷಿತಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ಕಾಫಿ ತರಿಸ್ಲಾ ಮೇಡಂ?" "ಬೇಡ. ವೈರ್ ನೋಡಿದ್ಯಾ?" "ಎಲ್ಲ ಹೊಸದು ಮೇಡಂ, ಟೆಸ್ಟ್ ಮಾಡ್ಸಿದ್ವಲ್ಲ." ಮಹಾನಂದ ಸರ್ವರಿನ ದಿನಚರಿ ತೆರೆದಳು. ಯಂತ್ರ ಬರೆದುಕೊಳ್ಳುವ ಆ ದಿನಚರಿಯಲ್ಲಿ ಸಾಲು ಸಾಲಾಗಿ ಒಂದೇ ಮಾತಿತ್ತು. ಹದಿನೇಳು ಯಂತ್ರಗಳು ಕೇಳುತ್ತಿವೆ. ಕೊಡಲು ಖಾಲಿ ವಿಳಾಸವಿಲ್ಲ. ಐದು ಸೆಕೆಂಡು ಬಿಟ್ಟು ಮತ್ತೆ ಕೇಳುತ್ತಿವೆ, ಖಾಲಿ ಇಲ್ಲ. ಹಂಚಲು ಇದ್ದದ್ದು ಐವತ್ತು. ಇಪ್ಪತ್ತು ಹಳೆಯ ಯಂತ್ರಗಳು ಇನ್ನೂ ಓಡುತ್ತಿವೆ, ಹೊಸದರಲ್ಲಿ ಎಂಟಕ್ಕೆ ಸಿಕ್ಕಿದೆ. ಉಳಿದ ಇಪ್ಪತ್ತೆರಡು ಯಾರ ಹತ್ತಿರ? ಗುತ್ತಿಗೆಯ ಪಟ್ಟಿಯನ್ನು ತೆರೆಯುವ ಮುಂಚೆಯೇ ಗೊತ್ತಾಯಿತು. ಡಿಸೆಂಬರಿನಲ್ಲಿ ಗುಜರಿಯವನು ಇಪ್ಪತ್ತೆರಡು ಯಂತ್ರಗಳನ್ನು ಟೆಂಪೋದಲ್ಲಿ ಒಂದರ ಮೇಲೊಂದು ಒಟ್ಟಿಕೊಂಡು ಹೋಗಿದ್ದ. ಅವು ಎಲ್ಲೋ ಬಿಚ್ಚಿ, ತಾಮ್ರ ಬೇರೆ ತಗಡು ಬೇರೆ ಆಗಿರಬೇಕು. ಅವುಗಳ ಹೆಸರಿನಲ್ಲಿ ವಿಳಾಸಗಳು ಮಾತ್ರ ಮಾರ್ಚಿನವರೆಗೂ ಕಾದಿರಿಸಿದ್ದವು, ಯಾಕೆಂದರೆ ಗುತ್ತಿಗೆಯ ಅವಧಿ ತೊಂಬತ್ತು ದಿನ. ತೊಂಬತ್ತು ಎಂದು ಬರೆದವಳು ಅವಳೇ. ಆ ಪರೀಕ್ಷೆ ಕಳೆದ ಮರುದಿನ, ಧರ್ಮರಾಜುವಿನ ಸ್ಟೂಲು ಖಾಲಿಯಿದ್ದ ಲ್ಯಾಬಿನಲ್ಲಿ ಒಬ್ಬಳೇ ಕೂತು ಬರೆದಿದ್ದಳು. ಪದೇ ಪದೇ ಕೇಳಿದರೆ ತಾನೆ ಯಾರೋ ತಪ್ಪು ಉತ್ತರ ಕೊಡುವುದು. ಕೇಳುವ ಸಂದರ್ಭವೇ ಬಾರದಿರಲಿ ಎಂದು ಎಂಟು ಗಂಟೆ ಇದ್ದದ್ದನ್ನು ತೊಂಬತ್ತು ದಿನ ಮಾಡಿದ್ದಳು. ಹೆದರಿದವಳ ಕೈಬರಹ ಮೂರು ವರ್ಷದಿಂದ ಆ ಫೈಲಿನಲ್ಲಿ ಹಾಗೇ ಇತ್ತು, ದಿನವೂ ಕಣ್ಣಿಗೆ ಬೀಳುತ್ತಿತ್ತು.

"ಸಿಕ್ತಾ ಮೇಡಂ?" "ಸಿಕ್ತು." ಸೇವೆಯನ್ನು ನಿಲ್ಲಿಸಿ, ತೊಂಬತ್ತು ದಿನವನ್ನು ಮತ್ತೆ ಎಂಟು ಗಂಟೆ ಮಾಡಿ, ಗುತ್ತಿಗೆಯ ಪಟ್ಟಿಯ ಫೈಲನ್ನೇ ಅಳಿಸಿಹಾಕಿದಳು. ಶುರು ಮಾಡಿದರೆ ಕೆಂಪು ಅಕ್ಷರ ಬಂತು. ಆಮೇಲೆ ನೆನಪಾಯಿತು: ಖಾಲಿಯಾದರೂ ಸರಿ, ಆ ಹೆಸರಿನ ಫೈಲು ಇರಲೇಬೇಕು, ಬರೆದುಕೊಳ್ಳುವುದಕ್ಕೆ ಜಾಗವಿಲ್ಲದಿದ್ದರೆ ಸರ್ವರು ಕೆಲಸಕ್ಕೆ ಏಳುವುದಿಲ್ಲ. ಖಾಲಿ ಫೈಲೊಂದನ್ನು ಅದೇ ಜಾಗದಲ್ಲಿ ಇಟ್ಟಳು. ಹಸಿರು. "ಎಲ್ಲ ಮಷೀನೂ ಒಂದು ಸಲ ಆರಿಸಿ ಹಚ್ಚು, ಹಳೇದೂ ಸೇರಿ," ಅಂದಳು. ಹರ್ಷಿತಾ ಸಾಲಿನ ಈ ತುದಿಯಿಂದ ಆ ತುದಿಗೆ ಗುಂಡಿ ಒತ್ತುತ್ತ ಹೋದಳು. ಪರದೆಗಳು ಒಂದೊಂದಾಗಿ ಬೆಳಗಿದವು. ಆ ದಿನವೂ ಹೀಗೇ ಬೆಳಗಿದ್ದವು, ಸಂಜೆ ನಾಲ್ಕರ ಮೇಲೆ, ಪರೀಕ್ಷೆ ರದ್ದಾಗಿ ಮಕ್ಕಳೆಲ್ಲ ಹೋದ ನಂತರ. ಬೆಳಗ್ಗೆಯಿಂದ ಹತ್ತು ಸಲ ಕಣ್ಣು ಹಾಯಿಸಿದ್ದ ದಿನಚರಿಯ ಸಾಲಿನಲ್ಲಿ, ಕಂಸದೊಳಗೆ ಇನ್ನೊಂದು ಸರ್ವರಿನ ಸಂಖ್ಯೆ ಇತ್ತು. ಹುಟ್ಟಿದ ಮನೆಯ ನಂಬರಿನಷ್ಟು ಪರಿಚಯದ ಸಂಖ್ಯೆ. ಸ್ಟೋರ್ ರೂಮಿನ ಬಾಗಿಲು ತೆಗೆದಾಗ ಕತ್ತಲಲ್ಲಿ ಅದು ಗುಂಯ್ ಅನ್ನುತ್ತಿತ್ತು, ತಲೆಯ ಮೇಲೆ ಒಣಗಿದ ಚೆಂಡುಹೂವು, ಹಣೆಯಲ್ಲಿ ಅವಳೇ ಎಳೆದ ವಿಭೂತಿ. ಕೇಳಿದವರಿಗೆಲ್ಲ ಹೊಸದಕ್ಕಿಂತ ಮುಂಚೆ ಬಾಯಿ ಹಾಕಿ, ಐದು ವರ್ಷ ಹಿಂದಿನ, ಈಗ ಎಲ್ಲಿಗೂ ದಾರಿಯಿಲ್ಲದ ವಿಳಾಸಗಳನ್ನು ಹಂಚುತ್ತ ಕೂತಿತ್ತು. ಆರಿಸಿದಳು. ಅಂಗೈಯಿಂದ ವಿಭೂತಿಯನ್ನು ಉಜ್ಜಿ ಅಳಿಸಿದಳು. ಯಾಕೆ ಅಳಿಸಿದೆ ಎಂದು ಆಮೇಲೆ ಅನೇಕ ಸಲ ಕೇಳಿಕೊಂಡಿದ್ದಾಳೆ. ಹೊರಗೆ ಬಂದರೆ ಕಾರಿಡಾರಿನಲ್ಲಿ ಕಾರ್ಯದರ್ಶಿ ಪರಮಶಿವಯ್ಯ ನಿಂತಿದ್ದರು. ಅವಳ ತಂದೆಯ ಸ್ನೇಹಿತರು, ಅವಳಿಗೆ ಈ ಕೆಲಸ ಕೊಡಿಸಿದವರು. "ಏನಾಗಿತ್ತಮ್ಮ?" ಅಂದರು. "ವೈರಿಂಗ್ ಸಾರ್," ಅಂದಳು. ಯೋಚಿಸಿ ಹೇಳಿದ್ದಲ್ಲ. ಮೊದಲು ಬಾಯಿಗೆ ಬಂದದ್ದು. ಅವರು ಎರಡನೆಯ ಸಲ ಕೇಳಲಿಲ್ಲ.

"ಏನಮ್ಮಾ ನಂದಾ, ಬಂತಾ?" ಪರಮಶಿವಯ್ಯ ಈಗ ಲ್ಯಾಬಿನ ಬಾಗಿಲಲ್ಲಿದ್ದರು. ವಯಸ್ಸು ಎಪ್ಪತ್ತಾಗಿದ್ದರೂ ಇಸ್ತ್ರಿಯ ಗೆರೆ ಕದಡದ ಬಿಳಿ ಜುಬ್ಬ. ಬೆಳಗುತ್ತಿದ್ದ ಪರದೆಗಳನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿದರು. "ಸೋಮವಾರ ಅಧ್ಯಕ್ಷರ ಮುಂದೆ ಮಾನ ಹೋಗುತ್ತೆ ಅಂತಿದ್ದೆ. ಏನಾಗಿತ್ತು? ಮತ್ತೆ ಆ ಧರ್ಮರಾಜನೇನು?" ಎಂದು ನಕ್ಕರು, ಹುಡುಗರ ಮಾತು ಅವರವರೆಗೂ ಹೋಗಿತ್ತು. "ಅವನು ಎಳೆದ ವೈರು ಇನ್ನೂ ಗೋಡೆಯೊಳಗೆ ಇದೆಯಲ್ಲ. ಶನಿ ಮುಂಡೇದು, ಕಿತ್ತು ಹಾಕ್ಸಿಬಿಡು ಅತ್ಲಾಗೆ." ಅವರು ಉತ್ತರವನ್ನು ತಾವೇ ತಂದು ಅವಳ ಕೈಗಿಟ್ಟಿದ್ದರು. ಈಗ ಹೇಳಬಹುದು ಎಂದು ಮಹಾನಂದಳಿಗೆ ಸ್ಪಷ್ಟವಾಗಿ ಅನ್ನಿಸಿತು. ತುಟಿ ತೆರೆದಿತ್ತು ಕೂಡ. "ಇರಬಹುದು ಸಾರ್," ಅಂದಳು. ಅವರು ಹೋದರು. ಹರ್ಷಿತಾ ಪರದೆಯ ಮೇಲೆ ಇನ್ನೂ ತೆರೆದೇ ಇದ್ದ ದಿನಚರಿಯ ಸಾಲುಗಳನ್ನು ನೋಡಿದಳು, ಆಮೇಲೆ ಮಹಾನಂದಳನ್ನು ನೋಡಿದಳು. ವೈರಿಗೂ ಈ ಸಾಲುಗಳಿಗೂ ಸಂಬಂಧವಿಲ್ಲವೆಂದು ತಿಳಿಯುವಷ್ಟು ಅವಳಿಗೆ ಕೆಲಸ ಗೊತ್ತಿತ್ತು, ಮಹಾನಂದಳೇ ಕಲಿಸಿದ್ದು. "ಮೇಡಂ, ಧರ್ಮರಾಜ ಅಂದ್ರೆ ಮನುಷ್ಯರಾ?" "ಹೌದು." "ಅಯ್ಯೋ. ನಾನು ಯಾವುದೋ ಎರರ್ ಹೆಸರು ಅಂದ್ಕೊಂಡಿದ್ದೆ." ತಡೆದು, "ಇಲ್ಲಿದ್ರಾ?" ಅಂದಳು. "ಒಂಬತ್ತು ವರ್ಷ." "ಅವ್ರಿಂದ ಏನಾಗಿತ್ತು?" "ಏನೂ ಆಗಿರ್ಲಿಲ್ಲ." ಹರ್ಷಿತಾ ಸ್ಟೂಲು ಎಳೆದುಕೊಂಡು ಕೂತಳು. ಮುಂದಿನ ಸಲ ಲ್ಯಾಬು ಕೆಟ್ಟಾಗ ಇವಳ ಸ್ಟೂಲು ಖಾಲಿಯಾಗಬಹುದು, ಆಮೇಲೆ ಹುಡುಗರು ಹರ್ಷಿತಾ ಹೊಡೀತು ಅನ್ನಬಹುದು, ಅದನ್ನೂ ನಾನು ಕೇಳಿಸಿಕೊಂಡು ಓಡಾಡಬಹುದು. ಮಹಾನಂದಳಿಗೆ ಇದು ಭಯದಂತೆ ತೋರಲಿಲ್ಲ, ಲೆಕ್ಕ ಸರಿಬಂದಂತೆ ತೋರಿತು, ಅದೇ ಅಸಹ್ಯವಾಯಿತು.

ಹಾಜರಿ ಪುಸ್ತಕದ ಕೆಳಗಿದ್ದ ಬಿಳಿಹಾಳೆ ತೆಗೆದುಕೊಂಡು ಬರೆದಳು. ಹತ್ತು ನಿಮಿಷ ಹಿಡಿಯಿತು. 'ಎರಡು ಸಾವಿರದ ಮೂರರ ದಸರೆಯ ನಂತರ ಪ್ರಾಯೋಗಿಕ ಪರೀಕ್ಷೆ ನಿಂತದ್ದು ನನ್ನ ತಪ್ಪಿನಿಂದ. ಆಯುಧಪೂಜೆಯ ದಿನ ಹಳೆಯ ಸರ್ವರನ್ನು ನಾನೇ ಹಚ್ಚಿ, ಆರಿಸುವುದನ್ನು ಮರೆತೆ. ಅದರ ವೈರು ತೆಗೆಯಲೇ ಎಂದು ಧರ್ಮರಾಜು ಕೇಳಿದ್ದರು, ನಾನು ಬೇಡವೆಂದೆ. ಕಾರಣ ಆ ಸಂಜೆಯೇ ನನಗೆ ತಿಳಿದಿದ್ದರೂ ಕಾರ್ಯದರ್ಶಿಯವರಿಗೆ ವೈರಿಂಗ್ ಎಂದು ಸುಳ್ಳು ಹೇಳಿದೆ. ಅವರ ಫೈಲಿನಲ್ಲಿರುವ ಕರ್ತವ್ಯಲೋಪ ನನ್ನದು. ಮಂಡಳಿ ನನ್ನ ಮೇಲೆ ಕೈಗೊಳ್ಳುವ ಕ್ರಮಕ್ಕೆ ಒಪ್ಪಿದ್ದೇನೆ.' ಸಹಿ ಹಾಕಿದಳು. ಒಂಬತ್ತು ಸಲ ಬರೆದದ್ದಕ್ಕಿಂತ ಇದು ಚಿಕ್ಕದಿತ್ತು. ಕೊನೆಯ ವಾಕ್ಯದಲ್ಲಿ ಸ್ವಲ್ಪ ಜಂಬವಿದೆ ಅನ್ನಿಸಿತು. ಹೊಡೆದುಹಾಕಿದರೆ ಹಾಳೆ ಗಲೀಜಾಗುತ್ತದೆ, ಬಿಟ್ಟಳು.

ಮನೆಗೆ ಬಂದರೆ ಗೇಟಿನ ಹತ್ತಿರ ಚಪ್ಪಲಿಗಳಿದ್ದವು. "ಮೇಲಿದಾನೆ," ಅಂದಳು ವಿಶಾಲಮ್ಮ, ಒಲೆಯ ಮುಂದಿನಿಂದ. "ಕಾಫಿ ಆಗಿದೆ, ಕೊಟ್ಟು ಬಾ. ಆ ಗಾಜಿನ ಲೋಟದಲ್ಲಿ ಬಗ್ಗಿಸ್ಕೊ." ಗಾಜಿನ ಲೋಟ ಕಿಟಕಿಯ ಹಲಗೆಯ ಮೇಲೆ ಬೇರೆಯಾಗಿ ಕವುಚಿತ್ತು, ಹೊರಗಿನ ಕೆಲಸಕ್ಕೆ ಬಂದವರಿಗೆ. ಮಹಾನಂದ ತಾನು ಕುಡಿಯುವ ಸ್ಟೀಲಿನ ಲೋಟ ತೆಗೆದುಕೊಂಡಳು. ಧರ್ಮರಾಜು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ವೈರಿನ ತುದಿಯನ್ನು ಹಲ್ಲಲ್ಲಿ ಸುಲಿಯುತ್ತಿದ್ದ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಎದ್ದು ನಿಂತು, ಲೋಟ ತೆಗೆದುಕೊಂಡು, ತಿರುಗಿಸಿ ನೋಡಿದ. "ಗಾಜಿಂದು ಒಡೆದೋಯ್ತಾ ಮೇಡಂ?" ಅಂದ. ಉತ್ತರಕ್ಕೆ ಕಾಯದೆ ಎತ್ತಿ ಕುಡಿದ. "ಇಲಿ ಕಡಿದಿದೆ. ಇನ್ನೊಂದು ಕನೆಕ್ಟರ್ ಹಾಕಿದ್ರೆ ಬರುತ್ತೆ." "ಧರ್ಮರಾಜು, ನಿಮ್ಮ ಹತ್ರ ಒಂದು ಮಾತಿದೆ." "ಏನ್ಮೇಡಂ, ಇವತ್ತು ಮರ್ಯಾದೆ ಜೋರಾಗಿದೆ." ಹಾಳೆಯನ್ನು ಕೊಟ್ಟಳು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬಿಸಿಲಿಗೆ ಬೆನ್ನು ಮಾಡಿ, ತುಟಿಯಾಡಿಸುತ್ತ ಓದಿದ. ಕೆಳಗಿನ ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಹೋದಳು, ದಂಟು, ಸಬ್ಬಸಿಗೆ, ಮೆಂತ್ಯ. ಅವಳ ಕೂಗು ತಿರುವಿನಲ್ಲಿ ಸಣ್ಣಗಾಗುವವರೆಗೂ ಅವನು ಓದುತ್ತಲೇ ಇದ್ದ.

"ಗೊತ್ತಿತ್ತು," ಅಂದ, ಹಾಳೆ ಮಡಿಸಿ ಹಿಂದಕ್ಕೆ ಕೊಡುತ್ತ. "ಯಾವಾಗ?" "ಅವತ್ತೇ. ಸ್ಟೋರ್ ರೂಮಿಂದ ಆಚೆ ಬಂದ್ರಲ್ಲ, ಅಂಗೈ ಪೂರ್ತಿ ವಿಭೂತಿ ಇತ್ತು." "ಯಾಕೆ ಹೇಳ್ಲಿಲ್ಲ?" "ಯಾರಿಗೆ ಹೇಳ್ಬೇಕಿತ್ತು? ಸೆಕ್ರೆಟರಿ ಸಾರ್ ನಿಮ್ಮನ್ನ ನಂದಾ ಅಂತಾರೆ. ನನ್ನನ್ನ ಲೋ ಅಂತಿದ್ರು." ಅವನ ದನಿಯಲ್ಲಿ ಕೋಪ ಇರಲಿಲ್ಲ, ಇದ್ದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಶೇಷಾದ್ರಿಪುರದ್ದು...?" "ನಲವತ್ತು ದಾಟಿರಬಾರದು ಅಂತಿತ್ತು ಮೇಡಂ. ಡಿಸೆಂಬರ್‌ಗೆ ದಾಟ್ತು. ಬೇರೆ ಯಾವನೋ ಸೇರ್ಕೊಂಡ." "ಹಾಗಾದ್ರೆ ಇದು ಈಗ..." "ಈಗ ನನಗೇನ್ ಸಿಗುತ್ತೆ ಅದ್ರಿಂದ? ನಿಮಗೆ ನಿದ್ದೆ ಸಿಗ್ಬೋದು. ಕಳಿಸಿ, ಬೇಡ ಅನ್ನಲ್ಲ." ಅವಳು ಹೇಳಬಾರದೆಂದುಕೊಂಡಿದ್ದದ್ದನ್ನು ಹೇಳಿಬಿಟ್ಟಳು. "ಲ್ಯಾಬಲ್ಲಿ ನಿಮ್ಮ ಹೆಸರನ್ನ..." "ಗೊತ್ತು. ನಮ್ಮಕ್ಕನ ಮಗಳು ಲಾವಣ್ಯಾ ಈಗ ಅಲ್ಲೇ ಫಸ್ಟ್ ಇಯರ್. ಬಂದು ಕೇಳಿದ್ಲು, ಮಾವ, ನೆಟ್ ಕೆಟ್ರೆ ನಿನ್ನ ಹೆಸರು ಯಾಕೆ ಹೇಳ್ತಾರೆ ಅಂತ. ಬೇರೆ ಯಾವನೋ ಧರ್ಮರಾಜ ಇರ್ಬೇಕು ಬಿಡಮ್ಮ ಅಂದೆ." ಕನೆಕ್ಟರನ್ನು ತಿರುಗಿಸಿ ಬಿಗಿಮಾಡಿದ. "ಅದು ಕಾಗದದಲ್ಲಿ ಹೋಗಲ್ಲ ಮೇಡಂ. ಒಂದೇ ಒಂದು ಕೇಳ್ತೀನಿ. ಕಾಪಿ ಅಂತ ನಮ್ಮನೆಗೆ ಏನೂ ಕಳಿಸ್ಬೇಡಿ, ಆಫೀಸಿಂದಾನೂ ಕಳಿಸ್ದಂಗೆ ನೋಡ್ಕೊಳಿ. ಮನೇಲಿ ನಾನೇ ಕೆಲ್ಸ ಬಿಟ್ಟೆ ಅಂತ ಹೇಳಿದೀನಿ. ನಮ್ಮಮ್ಮ ಪಿಳ್ಳಮ್ಮ ಮಾರ್ಕೆಟ್ಟಲ್ಲಿ ಹೂವು ಕಟ್ಕೊಂಡು ಎಲ್ಲಾರ್ಗೂ ಹೇಳ್ತಾಳೆ, ನನ್ನ ಮಗ ಮೇಡಂಗೆ ಎದುರುತ್ತರ ಕೊಟ್ಟು ಬಿಸಾಕಿ ಬಂದ ಅಂತ. ನಾಲ್ಕು ಜನದ ಮುಂದೆ ಅದೊಂದು ಉಳ್ದಿದೆ. ಅದಿರ್ಲಿ." "ಆಯ್ತು," ಅಂದಳು. ಅವನು ಬಗ್ಗಿ, ಅಂಗಳದ ಕಡೆ ಮುಖ ಮಾಡಿ, "ಅಮ್ಮಾವ್ರೇ, ಈಗ ನೋಡಿ," ಎಂದು ಕೂಗಿದ. ಕೆಳಗಿನಿಂದ ಯಾವುದೋ ಧಾರಾವಾಹಿಯ ಅಳು ಮೇಲಕ್ಕೆ ಬಂತು. "ಬಂತು, ಬಂತು," ಎಂದಳು ವಿಶಾಲಮ್ಮ. ಲೋಟವನ್ನು ಟ್ಯಾಂಕಿನ ನಲ್ಲಿಯಲ್ಲಿ ಅವನೇ ತೊಳೆದು, ಕವುಚಿ ಇಟ್ಟು, ಇಳಿದು ಹೋದ.

ಕಳಿಸದಿದ್ದರೂ ಆಗುತ್ತದೆ ಎಂಬುದು ಮೆಟ್ಟಿಲಿಳಿಯುವಾಗ ಹೊಳೆಯಿತು. ಅವನೇ ಬಿಡುಗಡೆ ಕೊಟ್ಟ ಹಾಗಿತ್ತು. ಈ ಕಾಗದ ಇನ್ನು ಯಾರಿಗೂ ಏನನ್ನೂ ತಂದುಕೊಡುವುದಿಲ್ಲ. ಅವಳಿಂದ ತೆಗೆದುಕೊಂಡು ಹೋಗುತ್ತದೆ, ಅಷ್ಟೆ. ಕೆಲಸ, ತಾಯಿಯ ಔಷಧಿ, ಪರಮಶಿವಯ್ಯನವರ ಬಾಯಲ್ಲಿ ನಂದಾ ಎಂಬ ಹೆಸರು. ಉಪಯೋಗವಿದ್ದಾಗ ಕಳಿಸಲಿಲ್ಲ. ಉಪಯೋಗವಿದ್ದಾಗ ಕಳಿಸಿದ್ದರೆ ಒಳ್ಳೆಯವಳೂ ಆಗಬಹುದಿತ್ತು. ಆ ಅವಕಾಶವೂ ಡಿಸೆಂಬರಿಗೆ ದಾಟಿತು. ಲಕೋಟೆಯ ಮೇಲೆ ಅಧ್ಯಕ್ಷರ ಹೆಸರು ಬರೆದು, ಊಟಕ್ಕೆ ಕರೆದ ತಾಯಿಗೆ ಬಂದೆ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡಳು.

ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಕೌಂಟರ್ ಮುಚ್ಚಲು ಸ್ವಲ್ಪವೇ ಹೊತ್ತಿತ್ತು; ಸಾಲಿನಲ್ಲಿ ಅವಳು ಮೂರನೆಯವಳು. ಕಿಟಕಿಯ ಆಚೆಯವರು ಲಕೋಟೆಯನ್ನು ತಕ್ಕಡಿಗೆ ಹಾಕಿ ವಿಳಾಸ ಓದಿದರು. "ಚಾಮರಾಜಪೇಟೆಗೇ ತಾನೆ ಮೇಡಂ? ಇಲ್ಲಿಂದ ಹತ್ತು ನಿಮಿಷದ ದಾರಿ. ನಡ್ಕೊಂಡು ಹೋಗಿ ಕೈಯಲ್ಲೇ ಕೊಟ್ಬಿಡಿ, ಸುಮ್ನೆ ಯಾಕೆ ರಿಜಿಸ್ಟರು?" "ಕೈಯಲ್ಲಿ ಕೊಡೋಕಾಗಲಿಲ್ಲ," ಅಂದಳು. ಅವರು ಅವಳ ಮುಖ ನೋಡಿ, ಅಂಟು ಸವರಿದರು. "ಯಾವಾಗ ಸೇರುತ್ತೆ?" "ಸೋಮವಾರ." ಮೊಹರು ಎರಡು ಸಲ ಬಿತ್ತು. ಅವರು ಹಿಂದೆ ತಿರುಗದೆಯೇ ಲಕೋಟೆಯನ್ನು ಹೆಗಲ ಮೇಲಿಂದ ಎಸೆದರು. ಅದು ಚೀಲದ ಬಾಯಿಗೆ ತಗುಲಿ, ಒಂದು ಗಳಿಗೆ ಅಂಚಿನಲ್ಲಿ ನಿಂತು, ಒಳಗೆ ಜಾರಿತು. ಅವಳು ರಸೀದಿ ಹಿಡಿದು ಕಿಟಕಿಯ ಮುಂದೆಯೇ ನಿಂತಿದ್ದಳು.

"ಆಯ್ತಲ್ಲಮ್ಮ," ಅಂದರು ಹಿಂದಿನವರು. "ಪಕ್ಕಕ್ಕೆ ಬನ್ನಿ."

ಮಹಾನಂದ ಪಕ್ಕಕ್ಕೆ ಸರಿದಳು.